ಜೇಬುಚಾಕುಗಳ ಸಂಗ್ರಹ

ಅಂಚೆಚೀಟಿಗಳನ್ನು ಕೂಡಿಹಾಕುವವನನ್ನು ಜನರು ವಿದ್ಯಾವಂತನೆಂದು ಭಾವಿಸುತ್ತಾರೆ. ಹಳೆಯ ನಾಣ್ಯಗಳನ್ನು ಕೂಡಿಹಾಕುವವನಿಗೆ ಇತಿಹಾಸಜ್ಞನೆಂಬ ಹೆಸರು ಪುಕ್ಕಟೆಯಾಗಿ ಬರುತ್ತದೆ. ಚಾಕುಗಳನ್ನು ಕೂಡಿಹಾಕುತ್ತೇನೆಂದು ಹೇಳಿ ನೋಡಿ. ಕೇಳಿದವರು ಒಂದು ಹೆಜ್ಜೆ ಹಿಂದಕ್ಕೆ ಸರಿದು, ನಗಬೇಕೋ ಬೇಡವೋ ತಿಳಿಯದೆ ನಿಲ್ಲುತ್ತಾರೆ. ನನ್ನ ಸ್ವಂತ ಸೋದರತ್ತೆಯೇ, "ಯಾಕೋ ಮಗನೇ, ಯಾರ ಮೇಲೋ ನಿನಗೆ ಇಷ್ಟು ಸಿಟ್ಟು?" ಎಂದು ಕೇಳಿದ್ದುಂಟು. ಆದ್ದರಿಂದ ಮೊದಲೇ ನಿವೇದಿಸಿಕೊಳ್ಳುತ್ತೇನೆ: ನಾನು ಹೇಳಹೊರಟಿರುವುದು ಕಠಾರಿ, ಬಾಕುಗಳ ವಿಷಯವಲ್ಲ. ಮಡಿಸಿದರೆ ಅಂಗೈಯಲ್ಲಿ ಅಡಗುವ, ಸೀಸದಕಡ್ಡಿ ಹೆರೆಯುವ, ಮಾವಿನಕಾಯಿ ಹೋಳು ಮಾಡುವ, ಮೂಟೆಯ ಹುರಿ ಕೊಯ್ಯುವ ಬಡ ಜೇಬುಚಾಕುಗಳ ವಿಷಯ; ಅವುಗಳಲ್ಲಿಯೂ ಅಗ್ಗದವುಗಳ ವಿಷಯ.

ಅಗ್ಗದವೇ ಏಕೆಂದರೆ, ವಿದ್ಯಾರ್ಥಿಯ ಕೈಯಲ್ಲಿ ಹಣವಿಲ್ಲವೆಂಬುದು ಒಂದು ಕಾರಣ. ಒಂದು ತಿಂಗಳು ಹೋಟೆಲಿನಲ್ಲಿ ಕುಡಿಯುವ ಕಾಫಿಯ ಖರ್ಚಿಗಿಂತ ಹೆಚ್ಚಿನ ಬೆಲೆಯ ಚಾಕುವನ್ನು ಕೊಳ್ಳಬಾರದೆಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಆದರೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ದಂತದ ಹಿಡಿ, ಬೆಳ್ಳಿಯ ಕುಸುರಿ ಇರುವ ಚಾಕುವನ್ನು ಮಾಡುವವನಿಗೆ ಖರ್ಚಿನ ಚಿಂತೆಯಿಲ್ಲ. ಕೂಲಿಕಾರನೂ ಶಾಲೆಯ ಹುಡುಗನೂ ಕೊಳ್ಳಬಹುದಾದ ಚಾಕುವನ್ನು ಮಾಡುವವನಾದರೋ ಒಂದು ಮೊಳೆಯನ್ನು ಉಳಿಸಲು, ಒಂದು ತುಂಡು ತಗಡನ್ನು ಕಡಿಮೆ ಮಾಡಲು ತಲೆ ಕೆಡಿಸಿಕೊಳ್ಳುತ್ತಾನೆ. ಬುದ್ಧಿವಂತಿಕೆ ಕಾಣಬೇಕಾದರೆ ಅಂಥ ಚಾಕುವನ್ನೇ ಬಿಚ್ಚಿ ನೋಡಬೇಕು.

ಮಡಿಸುವ ಚಾಕುವಿನಲ್ಲಿ ಇರುವ ಸಮಸ್ಯೆ ಒಂದೇ: ತೆರೆದ ಅಲಗು ತೆರೆದೇ ಇರುವಂತೆ ಮಾಡುವುದು ಹೇಗೆ? ಇದಕ್ಕೆ ಮುಖ್ಯವಾಗಿ ಮೂರು ಉತ್ತರಗಳನ್ನು ಕಂಡುಕೊಂಡಿದ್ದಾರೆ. ಅತ್ಯಂತ ಹಳೆಯದು ಬರಿಯ ಬಿಗಿತ. ಅಲಗು ಮೊಳೆಯ ಸುತ್ತ ಬಿಗಿಯಾಗಿ ತಿರುಗುತ್ತದೆ, ಉಳಿದದ್ದನ್ನು ಹಿಡಿದವನ ಹೆಬ್ಬೆರಳು ನೋಡಿಕೊಳ್ಳಬೇಕು. ಎರಡನೆಯದು ಬೆನ್ನಿನ ಸ್ಪ್ರಿಂಗು. ಅಲಗಿನ ಬುಡ ಚೌಕವಾಗಿದ್ದು, ಅದನ್ನು ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿಯೊಂದು ಸದಾ ಒತ್ತುತ್ತಿರುತ್ತದೆ. ತೆರೆಯುವಾಗಲೂ ಮುಚ್ಚುವಾಗಲೂ ಕೇಳಿಬರುವ ಟಕ್ಕೆಂಬ ಶಬ್ದ ಇದರದೇ. ಇದು ಅಲಗನ್ನು ತಡೆಯುತ್ತದೆಯೇ ಹೊರತು ಬಂಧಿಸುವುದಿಲ್ಲ. ಇಂಥ ಚಾಕುವಿನ ತುದಿಯಿಂದ ಏನನ್ನಾದರೂ ಚುಚ್ಚಲು ಹೋದರೆ ಅಲಗು ಮಡಿಸಿಕೊಂಡು ಬೆರಳಿನ ಮೇಲೆಯೇ ಬೀಳುತ್ತದೆ. ನನ್ನ ಎಡಗೈಯ ತೋರುಬೆರಳಿನಲ್ಲಿ ಇದಕ್ಕೆ ಸಾಕ್ಷಿಯಿದೆ. ಮೂರನೆಯದು ಬೀಗ, ಅಂದರೆ ಬಿಡಿಸುವವರೆಗೆ ಅಲಗು ಅಲುಗದಂತೆ ಹಿಡಿಯುವ ಏರ್ಪಾಡು.

ಬೆನ್ನಿನ ಸ್ಪ್ರಿಂಗಿನ ಪುಟ್ಟ ಚಾಕುವಿಗೆ ಇಂಗ್ಲಿಷಿನವರು ಪೆನ್‌ನೈಫ್ ಎಂದರು. ನಮ್ಮಲ್ಲಿ ಅದು ಪೆನ್ನುಕತ್ತಿಯಾಯಿತು. ಹಕ್ಕಿಯ ಗರಿಯಿಂದ ಬರೆಯುತ್ತಿದ್ದ ಕಾಲದಲ್ಲಿ ಗರಿಯ ಮೊನೆ ಮತ್ತೆ ಮತ್ತೆ ಮೊಂಡಾಗುತ್ತಿತ್ತಾದ್ದರಿಂದ, ಗುಮಾಸ್ತನ ಮೇಜಿನ ಮೇಲೆ ಮಸಿಕುಡಿಕೆಯ ಪಕ್ಕದಲ್ಲಿ ಈ ಕತ್ತಿಯೂ ಇರಬೇಕಾಗಿತ್ತು. ಗರಿ ಹೋಯಿತು, ಹೆಸರು ಉಳಿಯಿತು. ಈ ಪೆನ್ನುಕತ್ತಿಗೂ ನಮ್ಮ ನಾಡಿಗೂ ಒಂದು ಸಂಬಂಧವಿದೆ. ೧೭೯೪ರಲ್ಲಿ ಮುಂಬಯಿಯಿಂದ ಇಂಗ್ಲೆಂಡಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸ್‌ರಿಗೆ 'ವೂಟ್ಸ್' ಎಂಬ ಉಕ್ಕಿನ ಗಟ್ಟಿಗಳನ್ನು ಕಳುಹಿಸಿದರು. ಜಾರ್ಜ್ ಪಿಯರ್‌ಸನ್ ಎಂಬ ವೈದ್ಯರು ಅದನ್ನು ಪರೀಕ್ಷಿಸಿ ೧೭೯೫ರಲ್ಲಿ ಪ್ರಬಂಧ ಓದಿದರು. ಪರೀಕ್ಷೆಯ ಅಂಗವಾಗಿ ಜೇಮ್ಸ್ ಸ್ಟೋಡರ್ಟ್ ಎಂಬ ಚಾಕು ತಯಾರಕನು ಆ ಉಕ್ಕಿನಿಂದ ಬಡಿದುಕೊಟ್ಟದ್ದು ಕತ್ತಿಯನ್ನಲ್ಲ, ಒಂದು ಪೆನ್ನುಕತ್ತಿಯನ್ನು! ಇದೇ ಸ್ಟೋಡರ್ಟ್ ಮುಂದೆ ಮೈಕೇಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿದನು. ವೂಟ್ಸ್ ಎಂಬುದು ನಮ್ಮ 'ಉಕ್ಕು' ಎಂಬ ಪದವೇ ಪರದೇಶಿಗಳ ಬಾಯಲ್ಲಿ ತಿರುಚಿಕೊಂಡದ್ದೆಂದು ವಿದ್ವಾಂಸರು ಹೇಳುತ್ತಾರೆ. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆಗೆ ತಂಗಡಿ ಗಿಡದ ಕಾಂಡವನ್ನೂ ಹಸಿರೆಲೆಗಳನ್ನೂ ಇಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಗಿಡದ ಇಂಗಾಲವು ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿತ್ತು. ರಸ್ತೆಯ ಪಕ್ಕದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಯನ್ನು ಆಮೇಲೆ ನಾನು ಬೇರೆ ಕಣ್ಣಿನಿಂದ ನೋಡಿದ್ದೇನೆ.

ಈಗ ನನ್ನ ಬಳಿ ಇರುವವುಗಳಲ್ಲಿ ಕೆಲವನ್ನು ಪರಿಚಯ ಮಾಡಿಕೊಡುತ್ತೇನೆ. ಫ್ರಾನ್ಸಿನ ಸವಾಯ್ ಪ್ರಾಂತದಿಂದ ಬಂದ ಒಪಿನೆಲ್ ಎಂಬುದು ಚಿಕ್ಕಪ್ಪ ತಂದುಕೊಟ್ಟದ್ದು. ಬೆಟ್ಟದ ಹಳ್ಳಿಯೊಂದರಲ್ಲಿ ಕೊಡಲಿ, ಕತ್ತಿಗಳನ್ನು ಮಾಡುತ್ತಿದ್ದ ಮನೆತನದ ಹುಡುಗ ಜೋಸೆಫ್ ಒಪಿನೆಲ್ ಇದನ್ನು ೧೮೯೦ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ರೂಪಿಸಿದನು. ಬೀಚ್ ಮರದ ದುಂಡನೆಯ ಹಿಡಿಯಲ್ಲಿ ಒಂದು ಸೀಳು, ಒಂದು ಅಲಗು, ಒಂದು ಮೊಳೆ, ಅದರ ಸುತ್ತ ಒಂದು ಲೋಹದ ಪಟ್ಟಿ, ಇಷ್ಟೇ. ೧೮೯೭ರಲ್ಲಿ ೧ರಿಂದ ೧೨ರವರೆಗೆ ಅಳತೆಗಳಿಗೆ ಸಂಖ್ಯೆ ಕೊಟ್ಟರು. ೧೯೩೫ರಲ್ಲಿ ೧ ಮತ್ತು ೧೧ನೆಯವನ್ನು ಕೈಬಿಟ್ಟರು. ೧೯೫೫ರಲ್ಲಿ ಮಾರ್ಸೆಲ್ ಒಪಿನೆಲ್ ಒಂದು ತಿರುಗುವ ಉಂಗುರವನ್ನು ಸೇರಿಸಿದನು: ತೆರೆದ ಮೇಲೆ ಉಂಗುರವನ್ನು ಸ್ವಲ್ಪ ತಿರುಗಿಸಿದರೆ ಅಲಗಿಗೆ ಬೀಗ ಬೀಳುತ್ತದೆ. ಅಲಗಿನ ಮೇಲೆ ಹರಸುವ ಕೈಯೊಂದರ ಚಿತ್ರವೂ ಅದರ ಮೇಲೆ ಕಿರೀಟವೂ ಇವೆ. ಕೈ ಆ ಸೀಮೆಯ ಪಟ್ಟಣದ ಲಾಂಛನದ್ದು, ಕಿರೀಟ ಸವಾಯ್ ದೊರೆಗಳದ್ದು. ಈ ಚಾಕುವಿಗೆ ಒಂದು ದೋಷವಿದೆ. ನಮ್ಮ ಮಳೆಗಾಲದಲ್ಲಿ ಮರದ ಹಿಡಿ ಉಬ್ಬಿಕೊಂಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲಗು ಹೊರಕ್ಕೆ ಬರುವುದಿಲ್ಲವೆಂದು ಹಟ ಹಿಡಿಯುತ್ತದೆ.

ಕೆಂಪು ಹಿಡಿಯ ಸ್ವಿಸ್ ಚಾಕುವನ್ನು ಎಲ್ಲರೂ ಬಲ್ಲರು. ೧೮೯೧ರಲ್ಲಿ ಕಾರ್ಲ್ ಎಲ್ಸೆನರ್ ಸ್ವಿಸ್ ಸೈನ್ಯಕ್ಕೆ ಸಿಪಾಯಿಚಾಕುಗಳನ್ನು ಒದಗಿಸಲು ಆರಂಭಿಸಿ, ಜರ್ಮನಿಯ ಜೋಲಿಂಗೆನ್ನಿನವರ ಅಗ್ಗದ ಬೆಲೆಯೆದುರು ದಿವಾಳಿಯ ಅಂಚಿಗೆ ಹೋಗಿದ್ದನು. ಅವನನ್ನು ಉಳಿಸಿದ್ದು ೧೮೯೭ರ 'ಅಧಿಕಾರಿಗಳ ಚಾಕು'. ಎರಡೇ ಸ್ಪ್ರಿಂಗುಗಳ ಎರಡೂ ಬದಿಗೆ ಉಪಕರಣಗಳನ್ನು ಜೋಡಿಸಿ ಆರು ಕೆಲಸಗಳನ್ನು ಒಂದೇ ಹಿಡಿಯಲ್ಲಿ ಅಡಗಿಸಿದ್ದೇ ಅದರ ಗುಟ್ಟು. ತಾಯಿ ವಿಕ್ಟೋರಿಯಾಳ ಹೆಸರಿಗೆ, ತುಕ್ಕು ಹಿಡಿಯದ ಉಕ್ಕಿಗೆ ಫ್ರೆಂಚರು ಹೇಳುವ 'ಇನಾಕ್ಸ್' ಸೇರಿ ೧೯೨೧ರಲ್ಲಿ ವಿಕ್ಟೋರಿನಾಕ್ಸ್ ಆಯಿತು. ನನ್ನ ಕಾಫಿಯ ನಿಯಮಕ್ಕೆ ಇದರ ಅತಿ ಚಿಕ್ಕ ಮಾದರಿ ಮಾತ್ರ ಹೇಗೋ ಒಳಪಡುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಜಪಾನಿನ ಹಿಗೋನೊಕಾಮಿ. ಹೆಸರಿನ ಅರ್ಥ 'ಹಿಗೋ ಪ್ರಾಂತದ ಒಡೆಯ'. ಹೆಸರು ಇಷ್ಟು ದೊಡ್ಡದು, ಚಾಕು ಇಷ್ಟು ಬಡದು! ಒಂದು ತಗಡನ್ನು ಮಡಿಸಿದರೆ ಹಿಡಿ. ಅದರೊಳಗೆ ಒಂದು ಅಲಗು, ಒಂದು ಮೊಳೆ. ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ಅಲಗಿನ ಬುಡದಲ್ಲಿ ಹೊರಚಾಚಿದ ಒಂದು ಬಾಲವಿದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ತೆರೆದು, ಒತ್ತಿಕೊಂಡೇ ಕೆಲಸ ಮಾಡಬೇಕು. ಹ್ಯೋಗೋ ಪ್ರಾಂತದ ಮಿಕಿ ಎಂಬ ಕಮ್ಮಾರರ ಊರಿನಲ್ಲಿ ೧೮೯೦ರ ದಶಕದಲ್ಲಿ ಹುಟ್ಟಿದ ಈ ಚಾಕು ಎಷ್ಟು ಅಗ್ಗವಾಗಿತ್ತೆಂದರೆ ಜಪಾನಿನ ಶಾಲೆಯ ಹುಡುಗರ ಜೇಬಿನಲ್ಲೆಲ್ಲಾ ಅದೇ ಇತ್ತು. ಸೀಸದಕಡ್ಡಿ ಹೆರೆಯುವುದೂ ಬಿದಿರಿನ ಆಟಿಕೆ ಕೆತ್ತುವುದೂ ಅದರಿಂದಲೇ. ಹಾಗಿರುವಾಗ ೧೯೬೦ರ ಅಕ್ಟೋಬರ್ ೧೨ರಂದು ಟೋಕಿಯೋದ ಸಭೆಯೊಂದರಲ್ಲಿ ಸಮಾಜವಾದಿ ಪಕ್ಷದ ಅಧ್ಯಕ್ಷರಾದ ಅಸಾನುಮಾ ಅವರನ್ನು ಹದಿನೇಳು ವರ್ಷದ ಹುಡುಗನೊಬ್ಬನು ವೇದಿಕೆಯ ಮೇಲೆಯೇ ಇರಿದು ಕೊಂದನು. ಕೊಂದದ್ದು ಒಂದು ಕಿರುಗತ್ತಿಯಿಂದ, ಜೇಬುಚಾಕುವಿನಿಂದಲ್ಲ. ಆದರೂ ಮಕ್ಕಳ ಕೈಗೆ ಅಲಗು ಕೊಡಬಾರದೆಂಬ ಚಳವಳಿ ದೇಶದಲ್ಲೆಲ್ಲಾ ಹಬ್ಬಿತು. ಸೀಸದಕಡ್ಡಿಗೆ ತಿರುಗಿಸುವ ಯಂತ್ರಗಳೂ ಬಂದವು. ಕೊಳ್ಳುವವರಿಲ್ಲದೆ ಮಿಕಿಯ ಕುಲುಮೆಗಳು ಒಂದೊಂದಾಗಿ ಆರಿದವು. ಆ ಹೆಸರನ್ನು ಹಾಕುವ ಹಕ್ಕುಳ್ಳ ಒಂದೇ ಒಂದು ಮನೆತನ ಉಳಿಯಿತು. ಆ ತಾಯಿತಂದೆಯರ ಭೀತಿಯನ್ನು ನಾನು ಹಳಿಯಲಾರೆ. ಆದರೆ ಹೆರೆಯಲು ತಿಳಿದ ಕೈಗಳು ಒಂದು ತಲೆಮಾರಿನಲ್ಲಿ ಅದನ್ನು ಮರೆತವೆಂಬುದನ್ನು ನೆನೆದಾಗ ಕೆಡುಕೆನಿಸುತ್ತದೆ.

ಇಂಥದೇ ಮಡಿಸಿದ ತಗಡಿನ ಹಿಡಿಯಲ್ಲಿ ಬೆನ್ನಿನ ಸ್ಪ್ರಿಂಗನ್ನೂ ಸೇರಿಸಿದ್ದು ಫ್ರಾನ್ಸಿನ ಥಿಯೇರ್ ಪಟ್ಟಣದವರ ಡೂಕ್-ಡೂಕ್. ೧೯೨೯ರಿಂದ ಬಂದದ್ದು. ಅದನ್ನು ಸಂಪಾದಿಸುವ ಯೋಗ ನನಗಿನ್ನೂ ಒದಗಿಲ್ಲ.

ನಮ್ಮ ದೇಶದಲ್ಲಿ ಚಾಕುವೆಂದೊಡನೆ ಉತ್ತರ ಪ್ರದೇಶದ ರಾಮಪುರದ ಹೆಸರು ಬರುತ್ತದೆ. ಹಿಂದೀ ಚಲಚ್ಚಿತ್ರಗಳ ಖಳರು ಕಟಕಟನೆ ತೆರೆದು ತೋರಿಸಿ ಆ ಊರಿನ ಕಸಬಿಗೆ ಖ್ಯಾತಿಯನ್ನೂ ಅಪಖ್ಯಾತಿಯನ್ನೂ ಒಟ್ಟಿಗೆ ತಂದರು. ಉದ್ದದ ಅಲಗುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಸಬುದಾರರಲ್ಲಿ ಬಹುಮಂದಿ ಬೇರೆ ದಾರಿ ಹಿಡಿದರು. ೨೦೨೩ರಲ್ಲಿ ಅದೇ ಊರಿನ ವೃತ್ತದಲ್ಲಿ ಸುಮಾರು ೨೦ ಅಡಿ ಉದ್ದದ ಚಾಕುವಿನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಕಾನೂನಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು ೯ ಅಂಗುಲಕ್ಕಿಂತ ಉದ್ದದ ಅಥವಾ ೨ ಅಂಗುಲಕ್ಕಿಂತ ಅಗಲದ ಅಲಗುಗಳನ್ನು, ಮನೆಗೆಲಸ ಬೇಸಾಯ ಮುಂತಾದವುಗಳಿಗಾಗಿ ಮಾಡಿದವನ್ನು ಬಿಟ್ಟು, ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ನಮ್ಮ ಜೇಬುಚಾಕುಗಳು ಇದರ ಅರ್ಧಕ್ಕೂ ಬರುವುದಿಲ್ಲ. ಹಾಗೆಂದು ಅವನ್ನು ಕಾಲೇಜಿಗೆ, ಸಭೆಗೆ, ಜಾತ್ರೆಯ ನೂಕುನುಗ್ಗಲಿಗೆ ಒಯ್ಯುವುದು ಮೂರ್ಖತನ. ವಿಮಾನದಲ್ಲಿ ಕೈಚೀಲದಲ್ಲಿ ಇಟ್ಟುಕೊಳ್ಳಲು ಬಿಡುವುದೂ ಇಲ್ಲ. ನನ್ನವು ಊರಿನ ಮನೆಯಲ್ಲಿ, ಬೀಗ ಹಾಕಿದ ತಗಡಿನ ಪೆಟ್ಟಿಗೆಯಲ್ಲಿವೆ. ಒಮ್ಮೆ ವಿದ್ಯಾರ್ಥಿನಿಲಯಕ್ಕೆ ಒಂದನ್ನು ತಂದು, ಸೇಬು ಕೊಯ್ಯುತ್ತಿದ್ದಾಗ ಸಿಕ್ಕಿಬಿದ್ದು, ಒಂದು ಗಂಟೆ ಹಿತವಚನ ಕೇಳಿದ್ದೇನೆ. ತಪ್ಪು ನನ್ನದೇ.

ಹೊಸದಾಗಿ ತೊಡಗುವವರು ಮೊದಲು ಊರಿನ ಸಂತೆಗೆ ಹೋಗಬೇಕು. ಬೀಗ, ಸರಪಣಿ, ಅಡಕತ್ತರಿಗಳನ್ನು ಗೋಣಿಯ ಮೇಲೆ ಹರಡಿಕೊಂಡು ಕೂತವರ ಬಳಿ ಐವತ್ತು ಅರವತ್ತು ರೂಪಾಯಿಗೆ ಒಳ್ಳೆಯ ಚಾಕು ನನಗೆ ದೊರೆತಿದೆ. ಕೊಳ್ಳುವಾಗ ಅಲಗನ್ನು ತೆರೆದು ಎಡಬಲಕ್ಕೆ ಅಲುಗಿಸಿ ನೋಡಿ. ಮುಚ್ಚಿದಾಗ ಅಲಗು ಹಿಡಿಯ ನಡುವೆ ಕೂರುತ್ತದೆಯೇ, ಒಂದು ಪಕ್ಕಕ್ಕೆ ಉಜ್ಜುತ್ತದೆಯೇ ಎಂಬುದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ. ಹೊಳಪಿಗೆ ಮರುಳಾಗಬೇಡಿ. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ೧೯೧೩ರಲ್ಲಿ ಕ್ರೋಮಿಯಂ ಬೆರೆಸಿ ಮಾಡಿದ ತುಕ್ಕುಹಿಡಿಯದ ಉಕ್ಕು ಬಹಳ ಉಪಕಾರ ಮಾಡಿದೆ, ನಿಜ. ಆದರೆ ಹಳೆಯ ಸಾದಾ ಉಕ್ಕಿನ ಅಲಗು ಹರಿತಕ್ಕೆ ಬೇಗ ಬರುತ್ತದೆ. ನಿಂಬೆ, ಹುಣಿಸೆ, ಹಸಿ ಅಡಕೆಗಳನ್ನು ಕೊಯ್ದರೆ ಅದು ಕಪ್ಪಾಗುತ್ತದೆ. ಈ ಕಪ್ಪು ತುಕ್ಕಲ್ಲ. ಕೆಂಪು ತುಕ್ಕನ್ನು ತಡೆಯುವ ತೆಳುಪೊರೆ. ಇದನ್ನು ಉಜ್ಜಿ ತೆಗೆಯಬಾರದು. ಒರೆಸಿ, ಹೊಲಿಗೆಯಂತ್ರಕ್ಕೆ ಹಾಕುವ ಎಣ್ಣೆಯ ಒಂದು ತೊಟ್ಟನ್ನು ಸವರಿದರೆ ಸಾಕು. 

ಹರಿತ ಮಾಡುವ ವಿಷಯದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮ ಅಜ್ಜಯ್ಯನ ಎಲೆಸಂಚಿಯಲ್ಲಿ ಒಂದು ಮಡಿಸುವ ಚಾಕು ಇತ್ತು. ಕೊಂಬಿನ ಹಿಡಿ. ಅಲಗು ವರ್ಷಗಟ್ಟಲೆ ಕಲ್ಲಿಗೆ ತಿಕ್ಕಿ ತಿಕ್ಕಿ ಅರ್ಧಕ್ಕೆ ಸವೆದು, ಮೀನಿನ ಬೆನ್ನಿನಂತೆ ಬಾಗಿತ್ತು. ಬುಡದಲ್ಲಿ ತಯಾರಕನ ಮುದ್ರೆ ಮಸಕಾಗಿ ಕಾಣುತ್ತಿತ್ತು. ಅದೊಂದು ನಕ್ಷತ್ರವೋ ಹೂವೋ ಎಂದು ನಾವು ಮೊಮ್ಮಕ್ಕಳು ವಾದ ಮಾಡುತ್ತಿದ್ದೆವು. ಹೈಸ್ಕೂಲಿನ ರಜೆಯಲ್ಲಿ ಅಜ್ಜಯ್ಯನನ್ನು ಸಂತೋಷಪಡಿಸಬೇಕೆಂದು ಅವರಿಗೆ ತಿಳಿಯದಂತೆ ಅದನ್ನು ಪೇಟೆಗೆ ಒಯ್ದು ಸಾಣೆಚಕ್ರದವನಿಗೆ ಕೊಟ್ಟೆ. ಕಿಡಿಗಳು ಹಾರಿದವು. ಎರಡು ನಿಮಿಷದಲ್ಲಿ ಅಲಗು ಕನ್ನಡಿಯಾಯಿತು, ಬುಡದವರೆಗೂ. ಅಂಚಿನ ಉದ್ದಕ್ಕೂ ನವಿಲಿನ ಕೊರಳಿನಂಥ ನೀಲಿ ಬಣ್ಣ ಬಂದಿತ್ತು. ಅದನ್ನು ನೋಡಿ ನಾನು ಹಿಗ್ಗಿದೆ.

ಆ ನೀಲಿಯ ಅರ್ಥ ನನಗೆ ಗೊತ್ತಾದದ್ದು ಬಹಳ ತಡವಾಗಿ. ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ಅದ್ದಿದರೆ ಅದು ಗಾಜಿನಂತೆ ಗಡುಸೂ ಸಿಡುಕೂ ಆಗುತ್ತದೆ. ಆ ಸಿಡುಕನ್ನು ಕಳೆಯಲು ಅದನ್ನು ಮತ್ತೆ ಮೆಲ್ಲಗೆ ಕಾಯಿಸುತ್ತಾರೆ. ಆಗ ಉಜ್ಜಿದ ಮೈಯ ಮೇಲೆ ಬಣ್ಣಗಳು ಓಡುತ್ತವೆ: ೨೨೦ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಿಳೆ, ೩೦೦ರ ಸುಮಾರಿಗೆ ನೀಲಿ. ಚಾಕುವಿನ ಅಲಗಿಗೆ ಹಳದಿಯ ಹದ. ನೀಲಿ ಸ್ಪ್ರಿಂಗಿನ ಹದ. ನೀಲಿಗೆ ಬಂದ ಅಂಚು ಮೆತ್ತಗಾಗಿ, ಎಷ್ಟು ಮಸೆದರೂ ಹರಿತವನ್ನು ಹಿಡಿದುಕೊಳ್ಳುವುದಿಲ್ಲ. ಅದಕ್ಕಾಗಿಯೇ ಒಣಗಿದ ಚಕ್ರಕ್ಕೆ ತೆಳು ಅಲಗನ್ನು ಎಂದೂ ಕೊಡಬಾರದು. ನೀರು ಹಾಕಿದ ಸಾಣೆಕಲ್ಲಿನ ಮೇಲೆ ನಿಧಾನವಾಗಿ, ಒಂದೇ ಓರೆಯಲ್ಲಿ ಮಸೆಯಬೇಕು.

ಅಜ್ಜಯ್ಯ ಚಾಕುವನ್ನು ತೆಗೆದುಕೊಂಡು, ಅಂಚಿನ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಆಡಿಸಿದರು. ಬುಡವನ್ನು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿ ಹೊಳೆಯುತ್ತದಲ್ಲೋ" ಎಂದು ಹೇಳಿ ಮಡಿಸಿ ಸಂಚಿಗೆ ಹಾಕಿಕೊಂಡರು. ಆಮೇಲೆ ಅವರು ಅಡಕೆ ಹೋಳು ಮಾಡಲು ಅಜ್ಜಿಯ ಅಡಕತ್ತರಿಯನ್ನು ಕೇಳುತ್ತಿದ್ದುದನ್ನು ನಾನು ಗಮನಿಸಿದ್ದೆ, ಆದರೆ ಏಕೆಂದು ಯೋಚಿಸಲಿಲ್ಲ. ಅವರು ತೀರಿಕೊಂಡ ಮೇಲೆ ಚಾಕು ನನಗೆ ಬಂತು. ನನ್ನ ಸಂಗ್ರಹ ಆರಂಭವಾದದ್ದು ಅದರಿಂದಲೇ.

ಪ್ರತಿಯೊಂದು ಚಾಕುವಿನ ವಿವರವನ್ನು ನೋಟುಪುಸ್ತಕದಲ್ಲಿ ಬರೆದಿಡುವುದನ್ನು ಮರೆಯಬಾರದು. ಬರೆಯದಿದ್ದರೆ ಸಂಗ್ರಹವು ಗುಜರಿಯಾಗುತ್ತದೆ. ನಾನು ಬರೆಯುವ ಕ್ರಮ ಹೀಗೆ: ಸಂಖ್ಯೆ, ಅಲಗಿನ ಉದ್ದ, ಹಿಡಿಯ ವಸ್ತು, ತೆರೆದಿಡುವ ಬಗೆ, ಎಲ್ಲಿ ಯಾರಿಂದ ಎಷ್ಟಕ್ಕೆ ಬಂತು, ಮುದ್ರೆ. ಈವರೆಗೆ ಮೂವತ್ತೊಂದು ಚಾಕುಗಳು ಸೇರಿವೆ. ಮೊದಲನೆಯ ಪುಟದಲ್ಲಿ ಹೀಗಿದೆ: "ಸಂಖ್ಯೆ ೧. ಅಲಗು ಎರಡೂವರೆ ಅಂಗುಲ, ಸವೆದದ್ದು. ಕೊಂಬಿನ ಹಿಡಿ. ಬೆನ್ನಿನ ಸ್ಪ್ರಿಂಗು, ಈಗಲೂ ಗಟ್ಟಿ. ಅಜ್ಜಯ್ಯನದು. ಮುದ್ರೆ: ಇತ್ತು."