ರಾಷ್ಟ್ರನಾಯಕರ ನಿಧನಕ್ಕೆ ಸಂಬಂಧಿಸಿದ ಸ್ಮರಣವಸ್ತುಗಳು: ಸಂಗ್ರಹಣೆ ಮತ್ತು ಸಂರಕ್ಷಣೆ

ಪೀಠಿಕೆ

ರಾಷ್ಟ್ರಪಿತ ಮಹಾತ್ಮ ಗಾಂಧೀಜಿಯವರು 1948ರ ಜನವರಿ 30ರಂದು ದೆಹಲಿಯಲ್ಲಿ ಹತ್ಯೆಗೀಡಾದರು. ಅವರ ಚಿತಾಭಸ್ಮವನ್ನು ಅದೇ ವರ್ಷದ ಫೆಬ್ರವರಿ 12ರಂದು ದೇಶದ ಹಲವು ಪುಣ್ಯನದಿಗಳಲ್ಲಿ ವಿಸರ್ಜಿಸಲಾಯಿತು. ಮೈಸೂರು ಸಂಸ್ಥಾನದಲ್ಲಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಈ ಕಾರ್ಯ ನೆರವೇರಿತು. ಇದರ ಸ್ಮರಣಾರ್ಥ ಅಲ್ಲಿ ಸರ್ವೋದಯ ಮೇಳ ನಡೆದುಕೊಂಡು ಬಂದಿದೆ. ಆ ದಿನಗಳ ಪತ್ರಿಕೆ, ಛಾಯಾಚಿತ್ರ, ಸಂತಾಪ ಸಭೆಯ ಕರಪತ್ರ, ಕಾಗದ ಪತ್ರಗಳು ಹಳ್ಳಿಯ ಮನೆಗಳ ಅಟ್ಟ, ಪೆಟ್ಟಿಗೆಗಳಲ್ಲಿ ಉಳಿದಿರುವ ಸಂಭವವಿದೆ. ಹಳೆಯ ಮನೆಗಳನ್ನು ಕೆಡವುವಾಗ ಇವು ರದ್ದಿಯ ಪಾಲಾಗಬಾರದೆಂಬುದೇ ಈ ಮಾಹಿತಿಯ ಉದ್ದೇಶವಾಗಿದೆ.

ಸಂತೇಮರಹಳ್ಳಿ ಪರಿಸರದ ವಿಶೇಷ

ಸಂತೇಮರಹಳ್ಳಿಯು ಅಂದು ಮೈಸೂರು ಸಂಸ್ಥಾನದ ಮೈಸೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಸಮೀಪದ ಕೊಳ್ಳೇಗಾಲವು 1956ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆದ್ದರಿಂದ ಈ ಭಾಗದ 1948ರ ಕಾಗದಗಳಲ್ಲಿ ಎರಡು ಭಿನ್ನ ಆಡಳಿತಗಳ ಮೊಹರುಗಳು ಕಂಡುಬರಬಹುದು. ಹಾಗಿದ್ದಲ್ಲಿ ಅದನ್ನು ದೋಷವೆಂದು ಭಾವಿಸತಕ್ಕದ್ದಲ್ಲ. ನೆರೆಯ ನಂಜನಗೂಡು ತಾಲ್ಲೂಕಿನ ಬದನವಾಳು ಹಾಗೂ ತಗಡೂರಿನ ಖಾದಿ ಕೇಂದ್ರಗಳ ಮೂಲಕ ಗಾಂಧೀಜಿಯವರ ವಿಚಾರಗಳು ಈ ಸೀಮೆಗೆ ನಿಕಟವಾಗಿದ್ದವೆಂಬುದು ಗಮನಾರ್ಹ.

ನೈಜತೆಯನ್ನು ಪರಿಶೀಲಿಸುವ ಬಗೆ

1. ದಿನಾಂಕಗಳನ್ನು ತಾಳೆ ನೋಡಬೇಕು. ಗಾಂಧೀಜಿಯವರ ಚಿತ್ರವುಳ್ಳ ಭಾರತದ ಮೊದಲ ನಾಲ್ಕು ಅಂಚೆಚೀಟಿಗಳು ಬಿಡುಗಡೆಯಾದದ್ದು 1948ರ ಆಗಸ್ಟ್ 15ರಂದು. ಅವುಗಳ ಬೆಲೆ ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಮತ್ತು 10 ರೂಪಾಯಿ. ಇವುಗಳನ್ನು ಅಂಟಿಸಿದ ಲಕೋಟೆಯ ಮೇಲೆ ಜನವರಿಯ ಮೊಹರಿದ್ದರೆ ಅದು ನೈಜವಲ್ಲ.

2. ‘ಪ್ರಜಾವಾಣಿ’ ಆರಂಭವಾದದ್ದು 1948ರ ಅಕ್ಟೋಬರ್‌ನಲ್ಲಿ. ಆದಕಾರಣ ಹತ್ಯೆಯ ಮರುದಿನದ ಸಂಚಿಕೆಯೆಂದು ಆ ಹೆಸರಿನಲ್ಲಿ ಯಾರಾದರೂ ಮಾರಿದರೆ ಮೋಸಹೋಗಬಾರದು.

3. ವಸ್ತುವಿನ ಪೂರ್ವಚರಿತ್ರೆಯೇ ಅದರ ಮುಖ್ಯ ಆಧಾರ. ಹತ್ಯೆ ನಡೆದ ಸ್ಥಳದ್ದೆಂದು ಹೇಳಲಾದ ಚಿಟಿಕೆ ಮಣ್ಣು ಮತ್ತು ಹುಲ್ಲಿನ ಎಸಳುಗಳು 2012ರಲ್ಲಿ ಇಂಗ್ಲೆಂಡಿನಲ್ಲಿ 10,000 ಪೌಂಡುಗಳಿಗೆ ಹರಾಜಾದವು. ಮಣ್ಣು ತಾನಾಗಿ ಸಾಕ್ಷಿ ನುಡಿಯಲಾರದು. ಯಾರು, ಎಂದು, ಎಲ್ಲಿಂದ ತಂದರೆಂಬ ಬರಹವಿಲ್ಲದಿದ್ದರೆ ಅದು ಬರೀ ಮಣ್ಣಾಗಿಯೇ ಉಳಿಯುತ್ತದೆ.

ಸಂರಕ್ಷಣೆಯ ಕ್ರಮಗಳು

ಪತ್ರಿಕೆಯ ಕಾಗದವು ತನ್ನಲ್ಲಿರುವ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಬಿಸಿಲು ಮತ್ತು ತೇವ ಇದನ್ನು ತ್ವರಿತಗೊಳಿಸುತ್ತವೆ. ಹರಿದ ಭಾಗಕ್ಕೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಸರಿಯಲ್ಲ. ಇವನ್ನು ಮುಂದೆ ಹಾನಿಯಿಲ್ಲದೆ ಬಿಡಿಸಲಾಗದು. ಆಮ್ಲರಹಿತ ಕಾಗದದ ನಡುವೆ, ಮಡಿಸದೆ, ಒಣಗಿದ ಕತ್ತಲೆಯ ಸ್ಥಳದಲ್ಲಿ ಇಡುವುದು ಸೂಕ್ತ. ಛಾಯಾಚಿತ್ರದ ಹಿಂಬದಿಯಲ್ಲಿ ಮೃದು ಪೆನ್ಸಿಲಿನಿಂದ ಮಾತ್ರ ಬರೆಯಬೇಕು. ಬಟ್ಟೆಗಳನ್ನು ಒಗೆಯಬಾರದು, ಮಧುರೈನ ಗಾಂಧಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಗಾಂಧೀಜಿಯವರು ಅಂದು ಧರಿಸಿದ್ದ ವಸ್ತ್ರದ ಭಾಗವನ್ನು ರಕ್ತದ ಕಲೆಯೊಂದಿಗೇ ಕಾಪಾಡಲಾಗಿದೆ.

ಮನೆಯ ಹಿರಿಯರ ನೆನಪನ್ನು ವಸ್ತುವಿನೊಂದಿಗೆ ದಾಖಲಿಸುವುದು ಅತ್ಯಗತ್ಯ. ಅಂದು ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿರುತ್ತಾರೆ. ಕಾಗದವನ್ನು ಮುಂದಿನ ವರ್ಷವೂ ಓದಬಹುದು. ಈ ನೆನಪುಗಳಿಗೆ ಅಷ್ಟು ಕಾಲಾವಕಾಶವಿಲ್ಲ.

ಕಾನೂನಿನ ಅಂಶ

ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972ರ ಪ್ರಕಾರ ಐತಿಹಾಸಿಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳು 75 ವರ್ಷ ಪೂರೈಸಿದಲ್ಲಿ ‘ಪ್ರಾಚೀನ ವಸ್ತು’ಗಳಾಗುತ್ತವೆ. ಇತರ ವಸ್ತುಗಳಿಗೆ ಈ ಅವಧಿ 100 ವರ್ಷ. ಇದರಂತೆ 1948ರ ಅಂತಹ ದಾಖಲೆಗಳು 2023ರಲ್ಲಿ ಈ ಮಿತಿಯನ್ನು ತಲುಪಿರುತ್ತವೆ. ಖಾಸಗಿ ವ್ಯಕ್ತಿಗಳು ಪ್ರಾಚೀನ ವಸ್ತುಗಳನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಹೊರದೇಶದಲ್ಲಿರುವ ಬಂಧುಗಳಿಗೆ ಮೂಲಪ್ರತಿಯ ಬದಲು ನಕಲನ್ನು ಕಳುಹಿಸುವುದು ಕ್ಷೇಮಕರ.

ಮನೆಯಲ್ಲಿ ಕಾಪಾಡಲು ಅನುಕೂಲವಿಲ್ಲದವರು ಕಾಗದ ಪತ್ರಗಳ ಬಗ್ಗೆ ರಾಜ್ಯ ಪತ್ರಾಗಾರ ಇಲಾಖೆಯನ್ನು ಸಂಪರ್ಕಿಸಬಹುದಾಗಿದೆ. ವಸ್ತುವನ್ನು ಒಪ್ಪಿಸುವ ಮುನ್ನ ಪಟ್ಟಿಯೊಂದನ್ನು ತಯಾರಿಸಿ, ಸ್ವೀಕೃತಿ ಪತ್ರ ಪಡೆದು, ನಕಲನ್ನು ಮನೆಯಲ್ಲಿ ಉಳಿಸಿಕೊಳ್ಳತಕ್ಕದ್ದು. ಈ ಕಾರ್ಯದಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.