ನಿಮಗಿದು ಗೊತ್ತೇ? ಕಬ್ಬಿನ ಸೀಮೆಯಿಂದ ಡೇಟಾ ಸೈನ್ಸ್ ಎಂ.ಟೆಕ್‌ಗೆ

ಡೇಟಾ ಸೈನ್ಸ್‌ನ ಬೇರು ಸಂಖ್ಯಾಶಾಸ್ತ್ರದಲ್ಲಿದೆ. ಆ ಶಾಸ್ತ್ರವನ್ನು ಗಟ್ಟಿಯಾಗಿ ಓದುವವರು ಯಾವ ದೇಶದಲ್ಲಿದ್ದರೂ ‘ಕ್ರಾಮರ್–ರಾವ್ ಮಿತಿ’ಯನ್ನು ಕಲಿಯಲೇಬೇಕು. ಆ ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ತೆಲುಗು ಮನೆತನದ ಕಲ್ಯಂಪೂಡಿ ರಾಧಾಕೃಷ್ಣ ರಾವ್, ಅಂದರೆ ಸಿ.ಆರ್. ರಾವ್.

ರಾವ್ ಅವರು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಎಂ.ಎ. ಮುಗಿಸಿದ್ದು 1943ರಲ್ಲಿ. ದೇಶದಲ್ಲಿ ಆ ಸ್ನಾತಕೋತ್ತರ ಪದವಿ ಆಗಷ್ಟೇ ಶುರುವಾಗಿತ್ತು. ಮರುವರ್ಷ ಅವರೇ ಪಾಠ ಹೇಳತೊಡಗಿದರು. ಇಂಗ್ಲೆಂಡಿನ ಆರ್.ಎ. ಫಿಶರ್ ದೊಡ್ಡ ಸ್ಯಾಂಪಲ್‌ಗಳ ಬಗ್ಗೆ ಹೇಳಿದ್ದ ಒಂದು ಫಲಿತಾಂಶವನ್ನು ವಿವರಿಸುತ್ತಿದ್ದಾಗ ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ, ‘ಚಿಕ್ಕ ಸ್ಯಾಂಪಲ್‌ಗೂ ಇದನ್ನು ಸಾಧಿಸಿ ತೋರಿಸಬಹುದೇ?’ ಎಂದು ಕೇಳಿದರು. ರಾವ್ ಅಂದು ರಾತ್ರಿ ಕುಳಿತು ಬಿಡಿಸಿದರು, ಮರುದಿನ ಉತ್ತರದೊಂದಿಗೆ ತರಗತಿಗೆ ಬಂದರು. ಆ ಉತ್ತರವೇ ಕ್ರಾಮರ್–ರಾವ್ ಮಿತಿ; 1945ರಲ್ಲಿ ಅಚ್ಚಾಯಿತು. ಎಷ್ಟೇ ಜಾಣತನದಿಂದ ಅಂದಾಜು ಮಾಡಿದರೂ ತಪ್ಪು ಒಂದು ಮಟ್ಟಕ್ಕಿಂತ ಕೆಳಗಿಳಿಯದು ಎಂಬುದು ಅದರ ತಿರುಳು. ಪ್ರಶ್ನೆ ಕೇಳಿದ ದಾಂಡೇಕರ್ ಮುಂದೆ ಪುಣೆಯ ಹೆಸರಾಂತ ಅರ್ಥಶಾಸ್ತ್ರಜ್ಞರಾದರು. ತರಗತಿಯಲ್ಲಿ ಕೈ ಎತ್ತಲು ಹಿಂಜರಿಯುವ ನಮ್ಮ ಹಳ್ಳಿಯ ಮಕ್ಕಳಿಗೆ ಈ ಪ್ರಸಂಗವನ್ನು ಹೇಳಲೇಬೇಕು.

2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ ರಾವ್ ಅವರ ವಯಸ್ಸು 102.

ಡೇಟಾ ಸೈನ್ಸ್ ಓದಿಗೆ ಇಳಿದವರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವ ಡೇಟಾ ಹೂವಿನದು! ಮೂರು ಜಾತಿಯ 150 ಐರಿಸ್ ಹೂಗಳ ಎಸಳಿನ ಉದ್ದಗಲದ ಅಳತೆ. ಅದನ್ನು 1936ರಲ್ಲಿ ಬಳಕೆಗೆ ತಂದವರು ಅದೇ ಫಿಶರ್. ರಾವ್ ಕೇಂಬ್ರಿಜ್‌ನಲ್ಲಿ ಪಿಎಚ್‌.ಡಿ. ಮಾಡಿದ್ದೂ ಅವರ ಕೈಕೆಳಗೇ.

ಇನ್ನು ಕಬ್ಬಿನ ಸೀಮೆಗೆ ಬನ್ನಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಕವಿ ರನ್ನನ ಹೆಸರಿನ ರನ್ನನಗರವಿದೆ, ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ತಾಣ. ಈ ಭಾಗದ ಕಬ್ಬಿನ ಬಿಲ್ಲಿನಲ್ಲೇ ಡೇಟಾ ಸೈನ್ಸ್‌ನ ಮೊದಲ ಪಾಠವಿದೆ. 2025–26ರ ಹಂಗಾಮಿಗೆ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ, ಶೇ 10.25 ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಟನ್ನಿಗೆ 3,550 ರೂಪಾಯಿ. ಅದರ ಮೇಲೆ ರಿಕವರಿ 0.1 ಏರಿದಂತೆಲ್ಲ 34.60 ರೂಪಾಯಿ ಹೆಚ್ಚು. ಅಂದರೆ ರಿಕವರಿ 11 ಬಂದರೆ ಟನ್ನಿಗೆ 3,809.50 ರೂಪಾಯಿ, ಕಟಾವು-ಸಾಗಣೆ ಖರ್ಚು ಕಳೆಯುವ ಮುಂಚೆ. ಗ್ರಾಫ್ ಹಾಳೆಯಲ್ಲಿ ಇದನ್ನು ಬರೆದರೆ ನೇರ ಗೆರೆ. ಎಂ.ಟೆಕ್‌ನಲ್ಲಿ ಕಲಿಸುವ ಲೀನಿಯರ್ ರಿಗ್ರೆಷನ್‌ನಲ್ಲೂ ಇಂಥದೇ ಗೆರೆ. ವ್ಯತ್ಯಾಸ ಇಷ್ಟೇ: ಇಲ್ಲಿ ಗೆರೆಯನ್ನು ಸರ್ಕಾರ ಎಳೆದುಕೊಟ್ಟಿದೆ, ಅಲ್ಲಿ ಚದುರಿದ ಅಂಕಿಗಳ ನಡುವೆ ನಾವೇ ಹುಡುಕಬೇಕು. ನೀರು, ತಳಿ, ನಾಟಿಯ ತಿಂಗಳು ನೋಡಿ ರಿಕವರಿಯನ್ನು ಮೊದಲೇ ಅಂದಾಜಿಸುವುದು ಒಳ್ಳೆಯ ಪ್ರಾಜೆಕ್ಟ್. ಅದನ್ನು ಕಬ್ಬು ಬೆಳೆದವರ ಮಗ, ಮಗಳು ಮಾಡಿದರೆ ಅಂಕಿಯ ಹಿಂದಿನ ಹೊಲವೂ ಅವರಿಗೆ ಗೊತ್ತಿರುತ್ತದೆ.

ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಉಪಗ್ರಹ ಚಿತ್ರ, ಮಣ್ಣಿನ ಸೆನ್ಸರ್ ಮತ್ತು ಕೃತಕ ಬುದ್ಧಿಮತ್ತೆ ಬಳಸಿ ಕಬ್ಬು ಬೆಳೆಯುವ ಪ್ರಯೋಗ ಈಗಾಗಲೇ ನಡೆದಿದೆ.

ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪತ್ರಿಕೆ (ಡಿಎ) ಬಂದಿದ್ದು 2024ರಲ್ಲಿ. ಆ ವರ್ಷ ಪರೀಕ್ಷೆ ನಡೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಮೂರು ಗಂಟೆ, 100 ಅಂಕ. ಬರುವ ಸ್ಕೋರ್‌ಗೆ ಮೂರು ವರ್ಷ ಮಾನ್ಯತೆ.

ಗೇಟ್ ಮೂಲಕ ಎಂ.ಟೆಕ್‌ಗೆ ಪೂರ್ಣಾವಧಿ ಸೇರುವ ಅರ್ಹರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ದುಡ್ಡಿಲ್ಲ ಎಂದು ಪದವಿಗೇ ಓದು ನಿಲ್ಲಿಸುವ ಮನೆಗಳಲ್ಲಿ ಈ ಒಂದು ಸಾಲು ಮೊದಲು ಗೊತ್ತಾಗಬೇಕು.

ಡೇಟಾ ಸೈನ್ಸ್ ಎಂಜಿನಿಯರಿಂಗ್ ಓದಿದವರಿಗೆ ಮಾತ್ರ ಎಂದುಕೊಳ್ಳಬೇಡಿ. ಚೆನ್ನೈ ಗಣಿತ ಸಂಸ್ಥೆಯ ಎಂ.ಎಸ್ಸಿ. ಡೇಟಾ ಸೈನ್ಸ್ 2018ರಿಂದ ಇದೆ. ಗಣಿತ, ಸಂಖ್ಯಾಶಾಸ್ತ್ರ ಓದಿದ ಪದವೀಧರರೂ ಪ್ರವೇಶ ಪರೀಕ್ಷೆ ಬರೆಯಬಹುದು.

ಪದವಿ ಹಂತದಿಂದಲೇ ಹಿಡಿಯುವವರಿಗೆ ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನ ಆನ್‌ಲೈನ್ ಪದವಿ ತೆರೆಯಿತು. ಜೆಇಇ ಬೇಡ, ಪಾಠ ಮನೆಯಲ್ಲೇ. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ಧಾರವಾಡದ ಐಐಐಟಿಯಲ್ಲಿ ಡೇಟಾ ಸೈನ್ಸ್ ಬಿ.ಟೆಕ್ ಇದೆ.

2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗೆ ಸೇರಿದವರು ಹೊಲ-ಮನೆ ಅಡವಿಡದೆ, ಜಾಮೀನುದಾರರಿಲ್ಲದೆ ಸಾಲ ಪಡೆಯಬಹುದು.

ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿದ್ದಾರೆಯೇ? ಪಿಯುಸಿಯಲ್ಲಿ ಗಣಿತ ಬಿಡಿಸಬೇಡಿ. ವಾಣಿಜ್ಯವೇ ಬೇಕೆಂದರೆ ಸಂಖ್ಯಾಶಾಸ್ತ್ರವಿರುವ ‘ಎಸ್‌ಇಬಿಎ’ ಇದೆಯೇ ಎಂದು ಕಾಲೇಜಿನಲ್ಲಿ ಕೇಳಿ, ಇದ್ದರೆ ಅದನ್ನೇ ಕೊಡಿಸಿ.