ಚೊಚ್ಚಲ ಬಾಣಂತನ: ತವರಿನಲ್ಲೋ, ಹೈದರಾಬಾದಿನಲ್ಲೋ?

ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ನಮ್ಮವರ ಹಳೆಯ ವಾಡಿಕೆ. ಕುಬಸ ಮಾಡಿ ಮಗಳನ್ನು ಕರೆದೊಯ್ಯುವ ತಾಯಿಯ ಅಕ್ಕರೆಯನ್ನು ಹಳಿಯುವವರಾರು? ಆದರೆ ಹೈದರಾಬಾದಿನಲ್ಲಿ ಸಂಸಾರ ಹೂಡಿರುವ ಸೋದರಿಯರು ಈ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳಿತು. ಇಲ್ಲಿ ಆರೇಳು ತಿಂಗಳು ತೋರಿಸಿಕೊಂಡ ಬಸುರಿ ತವರೂರಿನ ವೈದ್ಯರಿಗೆ ಹೊಸಬಳೇ ಸರಿ. ರಕ್ತದ ಗುಂಪು, ರಕ್ತದೊತ್ತಡ, ಹಿಮೋಗ್ಲೋಬಿನ್, ಸ್ಕ್ಯಾನಿಂಗ್ ಇವುಗಳ ಚೀಟಿಗಳು ಸೀರೆಗಳಿಗಿಂತ ಮೊದಲು ಪೆಟ್ಟಿಗೆ ಸೇರಲಿ. ಹೊರಡುವ ದಿನವನ್ನು ಪಂಚಾಂಗದ ಜೊತೆಗೆ ವೈದ್ಯರನ್ನೂ ಕೇಳಿ ಗೊತ್ತುಮಾಡಿರಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಬಾವು, ರಕ್ತಸ್ರಾವ, ಮಗುವಿನ ಚಲನೆ ಕುಂದುವುದು, ಇವುಗಳಲ್ಲಿ ಒಂದು ಕಂಡರೂ ಪ್ರಯಾಣದ ಮಾತೇ ಬೇಡ; ಕೂಡಲೆ ಹತ್ತಿರದ ಆಸ್ಪತ್ರೆಗೆ ಹೋಗತಕ್ಕದ್ದು.

ಇಲ್ಲಿಯೇ ಉಳಿದರೆ ಇದೇನು ಪರದೇಶವೇ? 1956ರವರೆಗೆ ಕಲಬುರಗಿ, ರಾಯಚೂರು, ಬೀದರದವರಿಗೆ ಇದೇ ರಾಜಧಾನಿಯಾಗಿತ್ತು. ಪರಿಚಾರಿಕೆಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಾಗ ಮರುಗಿದ ರಾಜಕುಮಾರಿ ನೀಲೋಫರ್ ಅವರ ಹೆಸರಿನ ತಾಯಿ-ಮಕ್ಕಳ ಆಸ್ಪತ್ರೆ 1953ರಲ್ಲಿ ಆರಂಭವಾದದ್ದೂ ಇದೇ ಊರಿನಲ್ಲಿ. ಅರಮನೆಯ ನೆರಳಿನಲ್ಲಿದ್ದವಳಿಗೂ ಆ ಕಾಲದಲ್ಲಿ ಹಾಗಾಯಿತು!

ತಾಯಿಯನ್ನೇ ಇಲ್ಲಿಗೆ ಕರೆಸಿಕೊಂಡರೆ ಬಾಣಂತಿಯ ಸಾರಿಗೇನೂ ಕೊರತೆಯಿಲ್ಲ. ಅವರಿಗೆ ತೆಲುಗು ಬಾರದೆಂಬುದೇ ತೊಡಕು. ಆಸ್ಪತ್ರೆಗೆ ನೆರೆಯ ಕನ್ನಡತಿಯೊಬ್ಬರು ಜೊತೆಯಾದರೆ ಅದೂ ಕಳೆಯಿತು. ಅರ್ಹ ಉದ್ಯೋಗಸ್ಥೆಯರಿಗೆ 2017ರಿಂದ ಮೊದಲ ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆಯುಂಟು. ಅದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರಗಳವರೆಗೆ ಬಳಸಬಹುದು.

ಎಲ್ಲಿ ಹೆತ್ತರೂ ಜನನವನ್ನು ಆ ಊರಿನಲ್ಲಿಯೇ 21 ದಿನಗಳೊಳಗೆ ಬರೆಸಿರಿ. ಹೆಸರಿನ ಬಗ್ಗೆ ಅಜ್ಜಂದಿರ ಚರ್ಚೆ ಮುಗಿಯದಿದ್ದರೆ ಕಾಯಬೇಡಿ, ಅದನ್ನು ಆಮೇಲೂ ಸೇರಿಸಬಹುದು.